ಫೈಲು ಅಳಿಸಿದವರು ಯಾರು? ಸರ್ವರಿನಲ್ಲಿ ಕಾಣೆಯಾಗುವ ಶೇರ್ಡ್ ಮೆಮೊರಿಯ ತಪಾಸಣೆ

ಬೀಳಗಿಯಲ್ಲಿ ಉತಾರ ತೆಗೆಸಲು ಬಂದವರಿಗೂ, ಜಮಖಂಡಿಯಲ್ಲಿ ಖರೀದಿ ಪತ್ರದ ನೋಂದಣಿಗೆ ಸರತಿಯಲ್ಲಿ ನಿಂತವರಿಗೂ, ಬನಹಟ್ಟಿಯ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಕಾದವರಿಗೂ ಒಂದು ಮಾತು ಚಿರಪರಿಚಿತ: "ಸರ್ವರ್ ಇಲ್ರಿ, ನಾಳಿ ಬರ್ರಿ." ಈ ಮಾತಿನ ಹಿಂದಿರುವ ಕಾಯಿಲೆಗಳು ಹತ್ತಾರು. ಕರೆಂಟು ಹೋಗಿರಬಹುದು. ರಸ್ತೆ ಅಗೆಯುವಾಗ ಫೈಬರ್ ಕೇಬಲ್ ತುಂಡಾಗಿರಬಹುದು. ಒಂದೇ ಹೊತ್ತಿಗೆ ರಾಜ್ಯದ ತುಂಬ ಜನ ಮುಗಿಬಿದ್ದಿರಬಹುದು. ಯಾರಾದರೂ ಬೇಕೆಂದೇ ದಾಳಿ ಮಾಡಿರಬಹುದು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಜನವರಿಯಲ್ಲಿ ಕುಂಟಿದಾಗ, ಹುಸಿ ಬೇಡಿಕೆಗಳ ಸುರಿಮಳೆಯೇ ಅದಕ್ಕೆ ಕಾರಣವೆಂದು ಸರ್ಕಾರದ ತಂತ್ರಜ್ಞರು ಗುರುತಿಸಿದರು, ಪ್ರಕರಣವೂ ದಾಖಲಾಯಿತು.

ಇಂಥವು ಪತ್ರಿಕೆಯಲ್ಲಿ ಸುದ್ದಿಯಾಗುತ್ತವೆ. ಸುದ್ದಿಯಾಗದ ಇನ್ನೊಂದು ಕಾಯಿಲೆಯಿದೆ. ಯಂತ್ರ ಓಡುತ್ತಿರುತ್ತದೆ, ಡಿಸ್ಕಿನಲ್ಲಿ ಜಾಗವಿರುತ್ತದೆ, ನೆಟ್‌ವರ್ಕ್ ಸರಿಯಿರುತ್ತದೆ. ಆದರೂ ಡೇಟಾಬೇಸು 'ಅಂಥ ಫೈಲು ಇಲ್ಲ' ಎಂದು ಲಾಗಿನಲ್ಲಿ ಒಂದು ಸಾಲು ಬರೆದು ಕೈಚೆಲ್ಲುತ್ತದೆ. ಆ ಫೈಲು ನಿನ್ನೆ ಸಂಜೆ ಇತ್ತು. ಯಾರೂ ಮುಟ್ಟಿಲ್ಲ. ಅಳಿಸುವ ಆಜ್ಞೆಯನ್ನು ಯಾರೂ ಕೊಟ್ಟಿಲ್ಲ. ಮೆಮೊರಿಯಲ್ಲಿದ್ದ, ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುತ್ತಿದ್ದ ಆ ಫೈಲು ಹೋದದ್ದೆಲ್ಲಿಗೆ?

ಇದು ಬೆಂಗಳೂರಿನ ಡೇಟಾ ಸೆಂಟರುಗಳ ಚಿಂತೆ ಎಂದು ತಳ್ಳಿಹಾಕುವಂತಿಲ್ಲ. ಭೂಮಿ ಯೋಜನೆ ಬಂದು ಕೈಬರಹದ ಪಹಣಿಗೆ ಮಾನ್ಯತೆ ಹೋಗಿ ಎರಡು ದಶಕ ದಾಟಿತು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2022ರ ಜೂನ್‌ನಲ್ಲಿ. ಮುಧೋಳ, ಬೀಳಗಿ, ಜಮಖಂಡಿ ಸೀಮೆ ಕಬ್ಬಿನ ಸೀಮೆ. ಹಂಗಾಮು ಶುರುವಾದ ಮೇಲೆ ಕಾಟಾದ ಮೇಲೆ ನಿಂತ ಟ್ರ್ಯಾಕ್ಟರಿನ ತೂಕ ಕಂಪ್ಯೂಟರಿಗೆ ಏರದಿದ್ದರೆ ಹಿಂದಿನ ಸಾಲು ಕಿಲೋಮೀಟರುಗಟ್ಟಲೆ ಬೆಳೆಯುತ್ತದೆ. ತಾಲ್ಲೂಕು ಊರುಗಳ ಸಹಕಾರ ಸಂಘ, ಆಸ್ಪತ್ರೆ, ಕಾಲೇಜು, ಸೀರೆ ವ್ಯಾಪಾರಿಗಳ ಬಳಿಯೂ ಮೂಲೆಯ ಮೇಜಿನ ಕೆಳಗೆ ಒಂದು ಸಣ್ಣ ಸರ್ವರ್ ಗುಂಯ್‌ಗುಡುತ್ತಿರುವುದು ಈಗ ಸಾಮಾನ್ಯ. ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಆಳು ಇಲ್ಲದಿರುವುದೂ ಅಷ್ಟೇ ಸಾಮಾನ್ಯ.

ಮೊದಲು ಶೇರ್ಡ್ ಮೆಮೊರಿ ಎಂದರೇನೆಂದು ನೋಡೋಣ. ಲಿನಕ್ಸ್‌ನಂಥ ವ್ಯವಸ್ಥೆಯಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಅದರದೇ ಮೆಮೊರಿ ಇರುತ್ತದೆ. ಒಂದರೊಳಗೆ ಇನ್ನೊಂದು ಇಣುಕುವಂತಿಲ್ಲ. ಡೇಟಾಬೇಸಿಗೆ ಈ ಗೋಡೆ ಅಡ್ಡಿ. ಹತ್ತು ಜನ ಗುಮಾಸ್ತರು ಹತ್ತು ಕಂಪ್ಯೂಟರಿನಿಂದ ಒಂದೇ ಖಾತೆಪಟ್ಟಿಯನ್ನು ನೋಡುವಾಗ ಹತ್ತು ಪ್ರೋಗ್ರಾಮುಗಳೂ ಡಿಸ್ಕಿಗೆ ಓಡಿದರೆ ಕೆಲಸ ಸಾಗದು. ಅದಕ್ಕೆಂದೇ ರ‍್ಯಾಮಿನ ಒಂದು ತುಂಡನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ಯುನಿಕ್ಸ್‌ನ ಸಿಸ್ಟಮ್ ಫೈವ್ ಆವೃತ್ತಿ 1983ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ಅಲ್ಲಿ ಪ್ರತಿ ತುಂಡಿಗೂ ಒಂದು ಸಂಖ್ಯೆ. ತೊಂಬತ್ತರ ದಶಕದಲ್ಲಿ ಪೋಸಿಕ್ಸ್ ಎಂಬ ಮಾನಕ ಇನ್ನೊಂದು ಕ್ರಮ ತಂದಿತು. ಅಲ್ಲಿ ಪ್ರತಿ ತುಂಡಿಗೂ ಫೈಲಿನಂತೆ ಒಂದು ಹೆಸರು. ಲಿನಕ್ಸ್ ಆ ಹೆಸರುಗಳನ್ನು '/ಡೆವ್/ಎಸ್‌ಎಚ್‌ಎಂ' ಎಂಬ ಫೋಲ್ಡರಿನಲ್ಲಿ ತೋರಿಸುತ್ತದೆ. ಅದು ನೋಡಲು ಡಿಸ್ಕಿನ ಫೋಲ್ಡರಿನಂತೆಯೇ ಇದ್ದರೂ ಇರುವುದೆಲ್ಲ ಮೆಮೊರಿಯಲ್ಲಿ. ಯಾರೂ ಬದಲಿಸದಿದ್ದರೆ ಯಂತ್ರದ ಒಟ್ಟು ರ‍್ಯಾಮಿನ ಅರ್ಧದಷ್ಟರವರೆಗೆ ಅದು ತುಂಬಬಹುದು. ಯಂತ್ರ ರೀಸ್ಟಾರ್ಟ್ ಆದರೆ ಬರಿದಾಗುತ್ತದೆ. ಕರೆಂಟು ಹೋಗಿ ಬಂದ ಮೇಲೆ ಇಲ್ಲಿನ ಫೈಲುಗಳು ಕಾಣದಿದ್ದರೆ ಅದು ಕಾಯಿಲೆಯಲ್ಲ, ಸಹಜ ಧರ್ಮ. ಯಂತ್ರ ನಿಲ್ಲದೆಯೂ ಅವು ಮಾಯವಾದರೆ ಆಗ ತನಿಖೆ ಬೇಕು.

ತನಿಖೆಗೆ ಹೊರಟವರನ್ನು ದಾರಿ ತಪ್ಪಿಸುವ ಮೊದಲ ಸಂಗತಿ ಅಳಿಸುವಿಕೆಯ ರೀತಿ. ಯುನಿಕ್ಸ್ ಪರಂಪರೆಯಲ್ಲಿ ಫೈಲು ಅಳಿಸುವುದೆಂದರೆ ಅದರ ಹೆಸರನ್ನು ಕಿತ್ತುಹಾಕುವುದಷ್ಟೇ. ಮನೆಯ ಬಾಗಿಲಿನ ಹೆಸರಿನ ಫಲಕ ತೆಗೆದ ಹಾಗೆ: ಒಳಗಿದ್ದವರು ಊಟ ಮಾಡುತ್ತಲೇ ಇರುತ್ತಾರೆ, ವಿಳಾಸ ಹಿಡಿದು ಹೊಸದಾಗಿ ಬಂದವರಿಗೆ ಮಾತ್ರ ಮನೆ ಸಿಗುವುದಿಲ್ಲ. ಆ ಮೆಮೊರಿಯನ್ನು ಮೊದಲೇ ತೆರೆದುಕೊಂಡಿದ್ದ ಪ್ರೋಗ್ರಾಮು ಏನೂ ಆಗದಂತೆ ಕೆಲಸ ಮುಂದುವರಿಸುತ್ತದೆ. ಕೊನೆಯ ಬಳಕೆದಾರ ಕೈಬಿಟ್ಟ ಮೇಲೆಯೇ ಜಾಗ ತೆರವಾಗುವುದು. ಹೀಗಾಗಿ ಅಳಿಸಿದ ಗಳಿಗೆಗೂ ದೋಷ ಕಾಣಿಸಿಕೊಳ್ಳುವ ಗಳಿಗೆಗೂ ನಡುವೆ ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅಂತರವಿರುತ್ತದೆ. ಮಧ್ಯಾಹ್ನದ ಲಾಗನ್ನು ಎಷ್ಟು ಕೆದಕಿದರೂ ಬೆಳಗಿನ ಜಾವದ ತಪ್ಪು ಅಲ್ಲಿ ಸಿಗದು.

ಮೆಮೊರಿಯ ಜೊತೆಗೇ ಬರುವ ಸೆಮಾಫೋರುಗಳ ಸ್ವಭಾವ ಬೇರೆ. ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯುವಂತೆ ನೋಡಿಕೊಳ್ಳುವ ಈ ಸಂಕೇತಗಳು ಸಿಸ್ಟಮ್ ಫೈವ್ ಬಗೆಯವಾಗಿದ್ದರೆ, ಅಳಿಸಿದ ಕ್ಷಣವೇ ಅವನ್ನು ನಂಬಿದ ಪ್ರೋಗ್ರಾಮು ಬಿದ್ದುಹೋಗುತ್ತದೆ. ನಿಧಾನದ ನರಳಾಟವೋ ಹಠಾತ್ ಕುಸಿತವೋ ಎಂಬುದೇ ಏನು ಅಳಿಸಿಹೋಗಿದೆ ಎಂಬುದರ ಮೊದಲ ಸುಳಿವು.

ಇನ್ನು ಅಳಿಸುವವರ ವಿಷಯ. ಈ ಪ್ರಶ್ನೆಯ ಇತಿಹಾಸದಲ್ಲಿ 2014ರ ಮಾರ್ಚ್ ತಿಂಗಳು ಒಂದು ತಿರುವು. ಬಹುಪಾಲು ಲಿನಕ್ಸ್‌ಗಳಲ್ಲಿ ಸೇವೆಗಳನ್ನು ಎಬ್ಬಿಸುವ, ಮಲಗಿಸುವ ಕೆಲಸ ಮಾಡುವ ಸಿಸ್ಟಮ್‌ಡಿ ತನ್ನ 212ನೇ ಆವೃತ್ತಿಯಲ್ಲಿ ಹೊಸದೊಂದು ನಿಯಮ ತಂದಿತು. ಒಬ್ಬ ಬಳಕೆದಾರ ಪೂರ್ತಿಯಾಗಿ ಲಾಗೌಟ್ ಆದರೆ, ಎಂದರೆ ಅವನ ಕೊನೆಯ ಸೆಷನ್ನೂ ಮುಗಿದರೆ, ಅವನ ಹೆಸರಿನಲ್ಲಿರುವ ಶೇರ್ಡ್ ಮೆಮೊರಿ, ಸೆಮಾಫೋರು, ಸಂದೇಶಗಳ ಸರತಿ ಎಲ್ಲವನ್ನೂ ಲಾಗಿನ್‌ಡಿ ಎಂಬ ಅದರ ಭಾಗ ಗುಡಿಸಿಹಾಕುತ್ತದೆ. ಈ ನಿಯಮದ ಹೆಸರು 'ರಿಮೂವ್‌ಐಪಿಸಿ'. ಮೂಲ ತಂತ್ರಾಂಶದಲ್ಲಿ ಅದರ ಪೂರ್ವನಿಯೋಜಿತ ಉತ್ತರ 'ಯೆಸ್'.

ನಿಯಮದ ಹಿಂದೆ ನ್ಯಾಯವಿತ್ತು. ಕಾಲೇಜಿನ ಲ್ಯಾಬಿನಲ್ಲಿ ನೂರು ವಿದ್ಯಾರ್ಥಿಗಳು ಬಂದುಹೋಗುವ ಒಂದು ಯಂತ್ರವಿದ್ದರೆ, ಬಿಟ್ಟುಹೋದ ಕಸವೆಲ್ಲ ಮೆಮೊರಿಯಲ್ಲೇ ಉಳಿದು ಒಂದು ದಿನ ಜಾಗ ತುಂಬಿಬಿಡುತ್ತದೆ. ಮನುಷ್ಯರು ಬಳಸುವ ಯಂತ್ರಕ್ಕೆ ಅದು ಒಪ್ಪುವ ಶುಚಿತ್ವ. ಡೇಟಾಬೇಸ್ ಸರ್ವರಿಗೆ ಅದು ಅಪಾಯ. ಅಲ್ಲಿ 'ಬಳಕೆದಾರ' ಎಂದರೆ ಮನುಷ್ಯನಲ್ಲ, ಹಗಲೂ ರಾತ್ರಿ ಓಡುವ ಸೇವೆ. ಮನುಷ್ಯನ ಲಾಗಿನ್ನೂ ಸೇವೆಯ ಬದುಕೂ ಒಂದೇ ಖಾತೆಯ ಹೆಸರಿಗೆ ಕಟ್ಟಿಬಿದ್ದಾಗ ಪೆಟ್ಟು ತಿನ್ನುವುದು ಸೇವೆಯೇ.

2015ರ ನವೆಂಬರಿನಲ್ಲಿ ರೆಡ್ ಹ್ಯಾಟ್ ಲಿನಕ್ಸ್‌ನ 7.2 ಬಂದಾಗ ಅದರೊಂದಿಗೆ ಸಿಸ್ಟಮ್‌ಡಿಯ 219ನೇ ಆವೃತ್ತಿಯೂ ಈ ನಿಯಮವೂ ಬಂದವು. ಅದಕ್ಕೂ ಮೊದಲು ಅದೇ ಯಂತ್ರಗಳಲ್ಲಿ ನಿರಾತಂಕವಾಗಿ ಓಡುತ್ತಿದ್ದ ಒರಾಕಲ್ ಡೇಟಾಬೇಸುಗಳು ಮುಗ್ಗರಿಸತೊಡಗಿದವು. ಲಾಗಿನಲ್ಲಿ ಸಿಗುತ್ತಿದ್ದದ್ದು ಒಆರ್‌ಎ-27157, ಅದರ ಬೆನ್ನಿಗೆ 27300, 27301, 27302. 'ಗುರುತು ತೆಗೆದುಹಾಕಲಾಗಿದೆ' ಎಂಬರ್ಥದ 43ನೇ ದೋಷಸಂಖ್ಯೆ ಅವುಗಳ ನಡುವೆ ಕೂತಿರುತ್ತಿತ್ತು. ಸೆಮಾಫೋರು ಹೋದರೆ ಹೀಗೆಯೇ ಆಗುವುದು. ನಿಯಮವನ್ನು 'ನೋ' ಎಂದು ಬದಲಿಸಿರೆಂದು ಒರಾಕಲ್ ಸೂಚಿಸಿತು. ಐಬಿಎಮ್‌ನ ಡಿಬಿ2 ಕೈಪಿಡಿಯೂ ಅದನ್ನೇ ಹೇಳುತ್ತದೆ. ಕೊನೆಗೆ ರೆಡ್ ಹ್ಯಾಟ್ ತನ್ನ ವಿತರಣೆಯಲ್ಲಿ ಪೂರ್ವನಿಯೋಜಿತ ಉತ್ತರವನ್ನೇ 'ನೋ' ಮಾಡಿತು. ಅದು ಸರಿಯಾದ ನಿರ್ಧಾರ. ಆದರೆ ಉಬುಂಟು ಎಂಬ ಇನ್ನೊಂದು ವಿತರಣೆಯಲ್ಲಿ ಮೂಲದ 'ಯೆಸ್' ಹಾಗೆಯೇ ಉಳಿದಿದೆ, ನಮ್ಮ ಊರುಗಳ ಸಣ್ಣ ಸರ್ವರುಗಳಲ್ಲಿ ಹುಡುಗರು ಹೆಚ್ಚಾಗಿ ಹಾಕುವುದೂ ಅದನ್ನೇ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಉಚಿತ, ಮುಕ್ತ ಡೇಟಾಬೇಸು. ಸಣ್ಣ ಸಂಸ್ಥೆಗಳಿಗೆ ಅಚ್ಚುಮೆಚ್ಚು. ಅದರ ಅಧಿಕೃತ ಕೈಪಿಡಿ ಈ ನಿಯಮಕ್ಕೆಂದೇ ಒಂದು ಪ್ರತ್ಯೇಕ ಭಾಗ ಮೀಸಲಿಟ್ಟಿದೆ. 'ಪೋಸ್ಟ್‌ಗ್ರೆಸ್‌ಕ್ಯೂಎಲ್' ಎಂಬ ಹೆಸರು, ಚುಕ್ಕೆ, ಉದ್ದನೆಯ ಸಂಖ್ಯೆ ಇರುವ ಮೆಮೊರಿ ತುಂಡನ್ನು ತೆಗೆಯಲು ಹೋದರೆ ಅದು ಆಗಲೇ ಇಲ್ಲ ಎಂಬ ಎಚ್ಚರಿಕೆಯ ಸಾಲು ಲಾಗಿನಲ್ಲಿ ಕಂಡರೆ, ಬೇರೆಯವರು ಅಳಿಸಿದ್ದಾರೆಂದು ತಿಳಿಯಬೇಕು ಎನ್ನುತ್ತದೆ ಅದು. ಈ ಡೇಟಾಬೇಸು 2013ರ 9.3ನೇ ಆವೃತ್ತಿಯಿಂದ ತನ್ನ ಮುಖ್ಯ ಮೆಮೊರಿಯನ್ನು ಹೆಸರಿಲ್ಲದ ಬಗೆಗೆ ಬದಲಿಸಿಕೊಂಡಿತು. ಹೆಸರಿಲ್ಲದ್ದನ್ನು ಹೊರಗಿನವರು ಅಳಿಸಲಾರರು. 2017ರ 10ನೇ ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಸೆಮಾಫೋರುಗಳನ್ನೂ ಹೆಸರಿಲ್ಲದಂತೆ ಮಾಡಿತು. ಆದ್ದರಿಂದ ಅದು ಒರಾಕಲ್‌ನಂತೆ ಒಮ್ಮೆಲೇ ಬೀಳುವುದು ಈಗ ಅಪರೂಪ. ಆದರೆ ದೊಡ್ಡ ಲೆಕ್ಕವೊಂದನ್ನು ಹಲವು ಕೆಲಸಗಾರ ಪ್ರೋಗ್ರಾಮುಗಳಿಗೆ ಹಂಚುವಾಗ ಈಗಲೂ /ಡೆವ್/ಎಸ್‌ಎಚ್‌ಎಂ ಒಳಗೆ ಹೆಸರಿರುವ ತುಂಡುಗಳನ್ನು ಸೃಷ್ಟಿಸುತ್ತದೆ. ಹತ್ತು ಸಾಲಿನ ಪಾವತಿ ಸರಾಗವಾಗಿ ಮುದ್ರಣವಾಗುತ್ತದೆ. ವರ್ಷಾಂತ್ಯದ ದೊಡ್ಡ ವರದಿ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಗುಮಾಸ್ತರು 'ಕೆಲವೊಮ್ಮೆ ಬರತೈತಿ, ಕೆಲವೊಮ್ಮೆ ಬರಂಗಿಲ್ಲ' ಎಂದಾಗ ಅವರ ಮಾತನ್ನು ಅಲಕ್ಷಿಸಬಾರದು. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ.

ಬೀಳಗಿಯಂಥ ಊರಿನ ಒಂದು ಸಂಘವನ್ನು ಕಲ್ಪಿಸಿಕೊಂಡರೆ ಈ ನಿಯಮ ಹೇಗೆ ಕಚ್ಚುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಬಾಗಲಕೋಟೆಯಿಂದ ಬಂದ ಹುಡುಗ ಸರ್ವರ್ ಹಾಕಿದ. ಡೇಟಾಬೇಸಿನ ಸಿದ್ಧ ಪ್ಯಾಕೇಜು ಬಳಸದೆ, ತನಗೆ ರೂಢಿಯಿದ್ದ ಹಾಗೆ ಒಂದು ಸಾಮಾನ್ಯ ಖಾತೆ ತೆರೆದು ಅದರ ಕೆಳಗೆ ಎಲ್ಲವನ್ನೂ ಸ್ಥಾಪಿಸಿದ. ಲಿನಕ್ಸ್ ಆ ಖಾತೆಗೆ 1000 ಎಂಬ ಸಂಖ್ಯೆ ಕೊಟ್ಟಿತು. ವ್ಯವಸ್ಥೆಯ ಸೇವೆಗಳಿಗೆ ಮೀಸಲಾದ ಸಂಖ್ಯೆಗಳು ಸಾಮಾನ್ಯವಾಗಿ 999ಕ್ಕೆ ಮುಗಿಯುತ್ತವೆ. ಅವುಗಳಿಗೂ ರೂಟ್ ಖಾತೆಗೂ ಈ ನಿಯಮದಿಂದ ವಿನಾಯಿತಿ ಇದೆ. ಒಂದೇ ಒಂದು ಅಂಕಿಯ ಅಂತರದಲ್ಲಿ ಡೇಟಾಬೇಸು ಗುಡಿಸಬೇಕಾದವುಗಳ ಪಟ್ಟಿಗೆ ಸೇರಿತು. ಯಂತ್ರ ಹೊತ್ತಿಕೊಂಡಾಗ ಸೇವೆ ತಾನಾಗಿ ಎದ್ದಿತು, ಆ ಖಾತೆಗೆ ಯಾರೂ ಲಾಗಿನ್ ಆಗಲಿಲ್ಲ, ತಿಂಗಳುಗಟ್ಟಲೆ ತೊಂದರೆಯೇ ಬರಲಿಲ್ಲ. ಒಂದು ದಿನ ಯಾವುದೋ ಸಣ್ಣ ತಿದ್ದುಪಡಿಗೆ ಹುಡುಗ ದೂರದಿಂದಲೇ ಅದೇ ಖಾತೆಗೆ ಲಾಗಿನ್ ಆದ, ಕೆಲಸ ಮುಗಿಸಿ ಹೊರಬಂದ. ಕೆಲವೇ ಸೆಕೆಂಡುಗಳಲ್ಲಿ ಲಾಗಿನ್‌ಡಿ ಆ ಖಾತೆಯ ಮೆಮೊರಿಯನ್ನೆಲ್ಲ ಗುಡಿಸಿತು. ಸೇವೆ ಓಡುತ್ತಿದೆ ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಎಣಿಸುವುದು ಸೆಷನ್ನುಗಳನ್ನು.

ದೂರು ಬಂತು. ಹುಡುಗ ಮತ್ತೆ ಲಾಗಿನ್ ಆದ, ಡೇಟಾಬೇಸನ್ನು ರೀಸ್ಟಾರ್ಟ್ ಮಾಡಿದ. ಅವನು ಒಳಗಿರುವಷ್ಟು ಹೊತ್ತು ಎಲ್ಲವೂ ಸರಿ. ನೋಡಿ, ಪರೀಕ್ಷಿಸಿ, ಸಮಾಧಾನಗೊಂಡು ಹೊರಬಂದ. ಮತ್ತೆ ಗುಡಿಸಾಯಿತು. ರಿಪೇರಿಗೆ ಬಂದವರು ಹೋಗುವುದೇ ರೋಗದ ಕಾರಣವಾಗುವ ಇಂಥ ದೋಷವನ್ನು ಕಣ್ಣೆದುರು ಹಿಡಿಯುವುದು ಬಹಳ ಕಷ್ಟ. ಅದೇ ಖಾತೆಯ ಹೆಸರಿನಲ್ಲಿ ರಾತ್ರಿ ಎರಡು ಗಂಟೆಗೆ ತಾನಾಗಿ ಬ್ಯಾಕಪ್ ತೆಗೆಯುವ ಕ್ರಾನ್ ಕೆಲಸವಿದ್ದರಂತೂ ಅದೂ ಒಂದು ಸೆಷನ್ ತೆರೆದು ಮುಚ್ಚಬಲ್ಲದು. ಆಗ ಫೈಲು ಹೋಗುವ ಹೊತ್ತಿಗೆ ಕಚೇರಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ.

ಇಲ್ಲಿ ಗಟ್ಟಿಯಾಗಿ ಹೇಳಬೇಕಾದದ್ದು ರೀಸ್ಟಾರ್ಟ್ ಬಗ್ಗೆ. ಕೌಂಟರಿನ ಮುಂದೆ ಜನ ಕಾಯುತ್ತಿರುವಾಗ ಕೈ ತಾನಾಗಿ ಆ ಗುಂಡಿಯತ್ತ ಹೋಗುವುದು ಅರ್ಥವಾಗುವಂಥದ್ದೇ. ಆದರೆ ರೀಸ್ಟಾರ್ಟ್ ಮಾಡಿದೊಡನೆ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಒರೆಸಿಹೋಗುತ್ತದೆ, ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಐದು ನಿಮಿಷ ತಡೆದು ನೋಡಿದರೆ ತಿಂಗಳುಗಟ್ಟಲೆ ಮರುಕಳಿಸುವ ಪೀಡೆ ಮುಗಿಯಬಹುದು.

ಆ ಐದು ನಿಮಿಷದಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ. /ಡೆವ್/ಎಸ್‌ಎಚ್‌ಎಂ ಫೋಲ್ಡರಿನ ಪಟ್ಟಿಯನ್ನೂ, ಸಿಸ್ಟಮ್ ಫೈವ್ ತುಂಡುಗಳನ್ನು ತೋರಿಸುವ 'ಐಪಿಸಿಎಸ್' ಆಜ್ಞೆಯ ಉತ್ತರವನ್ನೂ ಒಂದು ಫೈಲಿಗೆ ಬರೆದಿಟ್ಟುಕೊಳ್ಳಬೇಕು. ಎರಡನೆಯದರಲ್ಲಿ 'ಡೆಸ್ಟ್' ಎಂಬ ಗುರುತು ಕಂಡರೆ ಆ ತುಂಡನ್ನು ಅಳಿಸಲು ಯಾರೋ ಹೇಳಿದ್ದಾರೆ, ಆದರೆ ಇನ್ನೂ ಬಳಕೆಯಲ್ಲಿದೆ ಎಂದರ್ಥ. ಡೇಟಾಬೇಸ್ ಪ್ರೋಗ್ರಾಮಿನ ಮೆಮೊರಿ ನಕ್ಷೆ '/ಪ್ರಾಕ್' ಫೋಲ್ಡರಿನಲ್ಲಿರುತ್ತದೆ. ಅದರಲ್ಲಿ /ಡೆವ್/ಎಸ್‌ಎಚ್‌ಎಂ ಹೆಸರುಗಳ ಮುಂದೆ 'ಡಿಲೀಟೆಡ್' ಎಂದಿದೆಯೇ ನೋಡಬೇಕು. ಇಲ್ಲೊಂದು ಬಲೆಯಿದೆ. '/ಡೆವ್/ಝೀರೋ' ಎಂಬ ಹೆಸರಿನ ಮುಂದೆಯೂ 'ಡಿಲೀಟೆಡ್' ಎಂದು ಕಾಣುತ್ತದೆ. ಅದು ಹೆಸರಿಲ್ಲದ ಶೇರ್ಡ್ ಮೆಮೊರಿಯನ್ನು ಲಿನಕ್ಸ್ ತೋರಿಸುವ ರೀತಿ, ಆರೋಗ್ಯವಂತ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲೂ ಇರುವಂಥದ್ದು. ಅದನ್ನೇ ಅಪರಾಧಿಯೆಂದು ಹಿಡಿದರೆ ದಿನವೆಲ್ಲ ವ್ಯರ್ಥ.

ಬಳಿಕ ಲಾಗಿನ್‌ಡಿಯ ದಿನಚರಿ. 'ಜರ್ನಲ್‌ಸಿಟಿಎಲ್' ಆಜ್ಞೆಯಿಂದ ಅದನ್ನು ತೆರೆದರೆ ಯಾವ ಸೆಷನ್ ಯಾವ ಗಳಿಗೆಗೆ ಮುಗಿಯಿತೆಂಬುದು ಸಾಲುಸಾಲಾಗಿ ಸಿಗುತ್ತದೆ. ಫೈಲು ಹೋದ ಹೊತ್ತಿಗೂ ಆ ಸಾಲಿನ ಹೊತ್ತಿಗೂ ಹೊಂದಿಕೆಯಾದರೆ, ಖಾತೆಯ ಸಂಖ್ಯೆ 1000 ಅಥವಾ ಅದಕ್ಕೂ ಮೇಲಿದ್ದರೆ, ಅರ್ಧ ತೀರ್ಪು ಬಂದಂತೆಯೇ. ಉಳಿದರ್ಧಕ್ಕೆ ಲಿನಕ್ಸ್‌ನ ಆಡಿಟ್ ವ್ಯವಸ್ಥೆಯಿದೆ. ಆ ಫೋಲ್ಡರಿನ ಮೇಲೆ ಒಂದು ಕಾವಲು ನಿಯಮ ಹಾಕಿಟ್ಟರೆ ಮುಂದಿನ ಸಲ ಅಳಿಸಿದ ಪ್ರೋಗ್ರಾಮಿನ ಹೆಸರು, ಖಾತೆ, ಸಮಯ ಮೂರೂ ದಾಖಲಾಗುತ್ತವೆ. ಊಹೆಯ ಮೇಲೆ ಜಗಳವಾಡುವ ಬದಲು ದಾಖಲೆ ಮುಂದಿಟ್ಟು ಮಾತಾಡಬಹುದು.

ಎಲ್ಲ ಪ್ರಕರಣಗಳಲ್ಲೂ ಲಾಗಿನ್‌ಡಿಯೇ ದೋಷಿ ಎನ್ನಲಾಗದು. ಸಿಸ್ಟಮ್‌ಡಿಯ ಇನ್ನೊಂದು ಭಾಗ '/ಟಿಎಂಪಿ' ಫೋಲ್ಡರಿನಲ್ಲಿ ಹತ್ತು ದಿನ ಯಾರೂ ಮುಟ್ಟದ ಫೈಲುಗಳನ್ನು ತೆಗೆಯುವ ರೂಢಿ ಇಟ್ಟುಕೊಂಡಿದೆ. ಹಳೆಯ ರೆಡ್ ಹ್ಯಾಟ್ ಯಂತ್ರಗಳಲ್ಲಿ 'ಟಿಎಂಪಿವಾಚ್' ಇದೇ ಕೆಲಸ ಮಾಡುತ್ತಿತ್ತು. ಹಂಚಿಕೊಂಡ ಮೆಮೊರಿಯ ಫೈಲನ್ನು ಅಲ್ಲಿಟ್ಟ ಪ್ರೋಗ್ರಾಮಿಗೆ ಹನ್ನೊಂದನೇ ದಿನ ಆಘಾತ ಕಾದಿರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಬರೆದವರಿಗೆ ಈ ಕಾಟ ಎಷ್ಟು ಪರಿಚಿತವೆಂದರೆ, ತನ್ನ ಸಾಕೆಟ್ ಫೈಲು ಹಳತಾಗಿ ಕಾಣದಿರಲಿ ಎಂದು ಪ್ರತಿ 58 ನಿಮಿಷಕ್ಕೊಮ್ಮೆ ಅದನ್ನು ಮುಟ್ಟಿ ಬರುವ ಏರ್ಪಾಡನ್ನು ಅವರು ಡೇಟಾಬೇಸಿನೊಳಗೇ ಇಟ್ಟಿದ್ದಾರೆ.

ಕೆಲವು ಸಲ ಫೈಲು ಹೋಗಿರುವುದೇ ಇಲ್ಲ, ಬೇರೆ ಕಡೆಯಿಂದ ಕಾಣುತ್ತಿರುವುದಿಲ್ಲ. ಪ್ರೋಗ್ರಾಮನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಡಾಕರ್‌ನಂಥ ಕಂಟೇನರಿನೊಳಗಿನ /ಡೆವ್/ಎಸ್‌ಎಚ್‌ಎಂ ಹೊರಗಿನದಕ್ಕಿಂತ ಬೇರೆ. ಹೊರಗಿಂದ ಹುಡುಕಿದರೆ ಅಲ್ಲಿರುವುದು ಕಾಣದು. ಅದರ ಪೂರ್ವನಿಯೋಜಿತ ಗಾತ್ರ ಬರೀ 64 ಎಂಬಿ. ದೊಡ್ಡ ವರದಿಗೆ ಅದು ಸಾಲದೆ ಬರುವ 'ಜಾಗ ಇಲ್ಲ' ಎಂಬ ದೋಷವನ್ನು ಎಷ್ಟೋ ಜನ ಡಿಸ್ಕ್ ತುಂಬಿದೆಯೆಂದು ತಿಳಿದು ಹಳೆಯ ಫೈಲುಗಳನ್ನು ಅಳಿಸುತ್ತ ಕೂರುತ್ತಾರೆ. ಯಾರಾದರೂ ಈ ಫೋಲ್ಡರಿನ ಗಾತ್ರ ಹೆಚ್ಚಿಸಲು ಹೋಗಿ, ಇದ್ದದ್ದನ್ನು ರೀಮೌಂಟ್ ಮಾಡದೆ ಮೇಲೊಂದು ಹೊಸದನ್ನು ಮೌಂಟ್ ಮಾಡಿದರೂ ಕೆಳಗಿನ ಫೈಲುಗಳೆಲ್ಲ ಮುಚ್ಚಿಹೋಗುತ್ತವೆ.

ಪೈಥಾನ್ ಕಲಿತ ವಿದ್ಯಾರ್ಥಿಗಳು ಎಡವುವ ಜಾಗ ಇನ್ನೊಂದು. 2019ರ 3.8ನೇ ಆವೃತ್ತಿಯಲ್ಲಿ ಆ ಭಾಷೆಗೆ ಶೇರ್ಡ್ ಮೆಮೊರಿಯ ಸೌಲಭ್ಯ ಬಂತು. ಬೇರೊಬ್ಬರು ಸೃಷ್ಟಿಸಿದ ತುಂಡನ್ನು ಓದಲಷ್ಟೇ ತೆರೆದ ಪ್ರೋಗ್ರಾಮು ಮುಗಿಯುವಾಗ, ಅದರ ಜೊತೆಗಿನ ಟ್ರ್ಯಾಕರು ಆ ತುಂಡನ್ನು ತನ್ನದೇ ಎಂದು ಭಾವಿಸಿ ಅಳಿಸಿಬಿಡುತ್ತಿತ್ತು. ಬಳಕೆದಾರರ ದೂರು ವರ್ಷಗಟ್ಟಲೆ ನಡೆಯಿತು. 2024ರ ಅಕ್ಟೋಬರಿನ 3.13ರಲ್ಲಿ, ಹಾಗೆ ಲೆಕ್ಕಕ್ಕೆ ಹಿಡಿಯಬೇಡವೆಂದು ಹೇಳುವ 'ಟ್ರ್ಯಾಕ್' ಎಂಬ ಆಯ್ಕೆ ಸೇರಿತು. ಅಲ್ಲೂ ಕೇಳಬೇಕಾದ ಪ್ರಶ್ನೆ ಲಾಗಿನ್‌ಡಿಗೆ ಕೇಳಿದ್ದೇ: ಈ ಮೆಮೊರಿಯ ಒಡೆಯ ಯಾರು?

ಪರಿಹಾರಗಳಲ್ಲಿ ಉತ್ತಮವಾದದ್ದು ಒಡೆತನವನ್ನು ನೇರ ಮಾಡುವುದು. ಡೇಟಾಬೇಸನ್ನು ವಿತರಣೆಯ ಪ್ಯಾಕೇಜಿನಿಂದಲೇ ಸ್ಥಾಪಿಸಿದರೆ ಅದು ತನಗೊಂದು ವ್ಯವಸ್ಥೆಯ ಖಾತೆಯನ್ನು ತಾನೇ ತೆರೆದುಕೊಳ್ಳುತ್ತದೆ, ನಿಯಮದ ವಿನಾಯಿತಿ ತಾನಾಗಿ ಸಿಗುತ್ತದೆ. ಆಗಲೇ ಸಾಮಾನ್ಯ ಖಾತೆಯಲ್ಲಿ ಓಡುತ್ತಿರುವುದನ್ನು ಕೂಡಲೇ ಬದಲಿಸಲಾಗದಿದ್ದರೆ 'ಲಾಗಿನ್‌ಡಿ.ಕಾನ್ಫ್' ಫೈಲಿನಲ್ಲಿ ರಿಮೂವ್‌ಐಪಿಸಿಗೆ 'ನೋ' ಎಂದು ಬರೆದು ಲಾಗಿನ್‌ಡಿಯನ್ನು ಮರುಚಾಲನೆ ಮಾಡಬೇಕು. ಲಾಗೌಟ್ ಆದ ಮೇಲೂ ಖಾತೆಯನ್ನು ಎಚ್ಚರವಾಗಿಡುವ 'ಲಿಂಗರ್' ಸೌಲಭ್ಯವನ್ನು ಆ ಖಾತೆಗೆ ಕೊಟ್ಟರೂ ಗುಡಿಸುವುದು ನಿಲ್ಲುತ್ತದೆ. ಆದರೆ ಯಾಕೆ ಕೊಟ್ಟೆವೆಂಬುದು ಮುಂದೆ ಬರುವವರಿಗೆ ತಿಳಿಯದೆ ಒಂದು ದಿನ ತೆಗೆದುಬಿಡುವ ಸಂಭವ ಹೆಚ್ಚು. ಏನು ಬದಲಿಸಿದರೂ ದಿನಾಂಕ ಹಾಕಿ, ಕಾರಣ ಬರೆದು, ಸರ್ವರಿನ ಪಕ್ಕದಲ್ಲೇ ಒಂದು ನೋಟುಬುಕ್ಕು ಇಡುವುದು ಒಳ್ಳೆಯದು.

ಗಾಬರಿಯಲ್ಲಿ ಮಾಡಬಾರದ ಕೆಲಸವೊಂದಿದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೇಲೇಳದಿದ್ದಾಗ 'ಪೋಸ್ಟ್‌ಮಾಸ್ಟರ್.ಪಿಐಡಿ' ಎಂಬ ಫೈಲನ್ನು ಕೈಯಾರೆ ಅಳಿಸುವ ಚಟ ಬಹಳ ಜನರಿಗಿದೆ. ಒಂದೇ ದತ್ತಾಂಶದ ಮೇಲೆ ಎರಡು ಡೇಟಾಬೇಸು ಏಳದಂತೆ ತಡೆಯುವುದು ಆ ಫೈಲು ಮತ್ತು ಅದರ ಜೊತೆಗಿನ ಒಂದು ಪುಟ್ಟ ಸಿಸ್ಟಮ್ ಫೈವ್ ಮೆಮೊರಿ ತುಂಡು. ತುಂಡೂ ಹೋಗಿ, ಮನುಷ್ಯ ಫೈಲನ್ನೂ ಅಳಿಸಿದರೆ ಎರಡೂ ಕಾವಲು ಹೋದಂತೆ. ಹಳೆಯ ಪ್ರೋಗ್ರಾಮಿನ ತುಣುಕು ಇನ್ನೂ ಓಡುತ್ತಿದ್ದರೆ ಆಗ ಖಾತೆಗಳೇ ಕೆಡಬಹುದು. ಅದಿಲ್ಲದಿದ್ದರೆ ಭಯಕ್ಕೆ ಕಾರಣ ಕಡಿಮೆ: ಪೂರ್ಣಗೊಂಡ ವ್ಯವಹಾರಗಳನ್ನು ಡೇಟಾಬೇಸು ಡಿಸ್ಕಿನ ದಿನಚರಿಯಲ್ಲಿ ಮೊದಲೇ ಬರೆದಿಟ್ಟಿರುತ್ತದೆ, ಮೆಮೊರಿ ಹೋದರೂ ರೈತರ ಸಾಲದ ಲೆಕ್ಕ ಹೋಗುವುದಿಲ್ಲ.

ಈ ವಿಷಯ ಈಗ ಮತ್ತೆ ಮುಖ್ಯವಾಗಲು ಇನ್ನೊಂದು ಕಾರಣವೂ ಇದೆ. ಸಣ್ಣ ಸಂಸ್ಥೆಗಳು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ರೆಡ್ ಹ್ಯಾಟ್ ಬಳಗದ ಸೆಂಟ್‌ಓಎಸ್ 7 ಲಿನಕ್ಸ್‌ನ ಆಯುಷ್ಯ 2024ರ ಜೂನ್ 30ಕ್ಕೆ ಮುಗಿಯಿತು. ಅವುಗಳಲ್ಲಿ ಅದೇ ಬಳಗದ ಅಲ್ಮಾ, ರಾಕಿಯತ್ತ ಹೋದವಕ್ಕೆ ರೆಡ್ ಹ್ಯಾಟ್‌ನ 'ನೋ' ಜೊತೆಗೇ ಬರುತ್ತದೆ. ಉಬುಂಟುವಿಗೆ ಹೊರಳಿದವಕ್ಕೆ ಹಾಗಿಲ್ಲ. ಹಳೆಯ ಯಂತ್ರದಿಂದ ಖಾತೆ, ಫೋಲ್ಡರು, ಡೇಟಾಬೇಸುಗಳನ್ನೆಲ್ಲ ಇದ್ದಂತೆಯೇ ಹೊಸ ಯಂತ್ರಕ್ಕೆ ನಕಲಿಸುವವರು, ಡೇಟಾಬೇಸಿನ ಖಾತೆಗೆ ಅಲ್ಲಿ ಯಾವ ಸಂಖ್ಯೆ ಸಿಕ್ಕಿದೆ, ರಿಮೂವ್‌ಐಪಿಸಿಯ ಉತ್ತರ ಏನಿದೆ ಎಂಬ ಎರಡನ್ನು ಹಂಗಾಮು ಶುರುವಾಗುವ ಮುನ್ನವೇ ನೋಡಿಕೊಳ್ಳಬೇಕು. ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತ ಮೇಲೆ ಅದನ್ನು ಪರಿಶೀಲಿಸಲು ಯಾರಿಗೂ ಬಿಡುವಿರುವುದಿಲ್ಲ.